ಮದುವೆಯಾಗಿಲ್ಲ ಎಂದು ಬರೆದುಕೊಟ್ಟ ವರ್ಷಗಳು

ಪ್ರತಿ ವರ್ಷ ದೀಪಾವಳಿ ಮುಗಿದು, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ರಸ್ತೆಗೆ ಇಳಿಯುವ ಹೊತ್ತಿಗೆ, ನಾನು ಮೂಡಲಗಿಯಿಂದ ಗೋಕಾಕಕ್ಕೆ ಹೋಗಿ ಎರಡು ಸಂಗತಿಗಳನ್ನು ಸರಕಾರಕ್ಕೆ ತಿಳಿಸಿ ಬರಬೇಕಿತ್ತು. ನಾನಿನ್ನೂ ಬದುಕಿದ್ದೇನೆ ಎಂಬುದು ಒಂದು. ನಾನಿನ್ನೂ ಮತ್ತೊಂದು ಮದುವೆಯಾಗಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಸಾಹೇಬರೊಬ್ಬರ ಸಹಿ ಬೇಕು, ಮೊಹರು ಬೇಕು. ಬದುಕಿದ್ದೇನೆ ಎಂಬುದನ್ನು ಅವರು ನನ್ನ ಮುಖ ನೋಡಿಯೇ ಒಪ್ಪಿಕೊಳ್ಳುತ್ತಿದ್ದರು. ಮದುವೆಯಾಗಿಲ್ಲ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ಕೊರಳು ನೋಡುತ್ತಿದ್ದರು.

ನನ್ನ ಗಂಡ ನೀರಾವರಿ ಇಲಾಖೆಯಲ್ಲಿದ್ದರು. ಕಾಲುವೆಯ ಗೇಟು ತೆಗೆಯುವುದು, ಮುಚ್ಚುವುದು, ನೀರು ಯಾರ ಹೊಲಕ್ಕೆ ಎಷ್ಟು ಹೊತ್ತು ಹೋಗಬೇಕು ಎಂಬ ಜಗಳಗಳ ನಡುವೆ ನಿಲ್ಲುವುದು ಅವರ ಕೆಲಸ. ಸೈಕಲ್ ಮೇಲೆ ಕಾಲುವೆಯ ದಂಡೆ ಹಿಡಿದು ನಾಗನೂರ, ಮೇಲವಂಕಿ ಕಡೆಗೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಹೊರಟರೆ ಯಾವಾಗ ಬರುತ್ತಾರೆ ಎಂಬುದು ನೀರಿಗೇ ಗೊತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಅವರಿಗೆ ಕಾಮಣಿ ಆಗಿ ಕಣ್ಣು, ಮೈ ಎಲ್ಲ ಹಳದಿಯಾಯಿತು. ಮೊದಲು ಊರ ಔಷಧ, ಆಮೇಲೆ ಗೋಕಾಕದ ದವಾಖಾನೆ, ಆಮೇಲೆ ಬೆಳಗಾವಿ. ಬೆಳಗಾವಿಗೆ ಮುಟ್ಟಿದಾಗ ತಡವಾಗಿದೆ ಎಂದರು. ಮಗಳು ಇನ್ನೂ ಸಾಲಿಗೆ ಸೇರಿರಲಿಲ್ಲ.

ಮನೆಯಲ್ಲಿ ನಾನು, ಮಗಳು, ಅತ್ತೆ ಉಳಿದೆವು. ಅತ್ತೆಯೂ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಒಬ್ಬನೇ ಮಗನನ್ನು ಕೂಲಿನಾಲಿ ಮಾಡಿ ಓದಿಸಿ, ಸರಕಾರಿ ನೌಕರಿಗೆ ಹಚ್ಚಿದ್ದರು. ಆ ಮಗ ಹೋದ ಮೇಲೆ ಅವರು ಮಾತಾಡುವುದನ್ನೇ ಕಡಿಮೆ ಮಾಡಿದರು. ನನ್ನ ಮೇಲೆ ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅದನ್ನೂ ಮಾಡಲಿಲ್ಲ.

ಅನುಕಂಪದ ನೌಕರಿಗೆ ಅರ್ಜಿ ಹಾಕು ಎಂದು ಇಲಾಖೆಯವರು ಹೇಳಿದರು. ಹಾಕಿದೆ. ನಾನು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಪಾಸಾದವಳು. ಸಿಕ್ಕರೆ ಕಚೇರಿಯಲ್ಲಿ ಸಿಪಾಯಿ ಕೆಲಸ, ಅದೂ ಎಲ್ಲಿ ಖಾಲಿ ಇರುತ್ತದೋ ಅಲ್ಲಿ. ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದೆ. ಹೋಗಿ ಹೋಗಿ ಕಡೆಗೆ ಕೇಳುವುದನ್ನು ಬಿಟ್ಟೆ. ಕುಟುಂಬ ಪಿಂಚಣಿ ಮಾತ್ರ ಮಂಜೂರಾಯಿತು. ಊರಲ್ಲಿ ಅದಕ್ಕೆ 'ಗಂಡನ ಪೆನ್ಶನ್' ಅನ್ನುತ್ತಾರೆ. ತಿಂಗಳ ಮೊದಲ ವಾರದಲ್ಲಿ ಅದು ಬರುತ್ತಿತ್ತು. ಜ್ವಾಳ, ಅತ್ತೆಯ ಬಿ.ಪಿ. ಗುಳಿಗೆ, ಮಗಳ ಸಾಲಿಯ ಖರ್ಚು ಅದರಲ್ಲಿ ಹೇಗೋ ನಡೆಯುತ್ತಿತ್ತು. ಮೇಲಿನದಕ್ಕೆ ನಾನು ಹೊಲಿಗೆ ಹಿಡಿದೆ. ತವರುಮನೆ ಬೆಲ್ಲದ ಬಾಗೇವಾಡಿ. ಅಲ್ಲಿಂದ ಅಣ್ಣ ಒಂದು ಹಳೆಯ ಹೊಲಿಗೆ ಮಶೀನು ತಂದುಕೊಟ್ಟ.

ಹಳೆಯ ಮಶೀನು ಅಂದರೆ ಬಹಳ ಹಳೆಯದು. ಎರಡು ಕುಪ್ಪಸ ಹೊಲಿದರೆ ಮೂರನೆಯದಕ್ಕೆ ದಾರ ಕಡಿಯುತ್ತಿತ್ತು. ಸಂತೆಯ ದಿನ ಹುಕ್ಕೇರಿಯಿಂದ ಮಶೀನು ರಿಪೇರಿ ಮಾಡುವವರೊಬ್ಬರು ಮೂಡಲಗಿಗೆ ಬರುತ್ತಿದ್ದರು. ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ, ಅದರಲ್ಲಿ ಎಣ್ಣೆಯ ಡಬ್ಬಿ, ಸೂಜಿ, ಬಾಬಿನ್ನು, ಚರ್ಮದ ಪಟ್ಟಿ. ಟೇಲರುಗಳ ಅಂಗಡಿಗಳನ್ನು ಮುಗಿಸಿಕೊಂಡು, ಮನೆಯಲ್ಲಿ ಹೊಲಿಯುವ ಹೆಣ್ಣುಮಕ್ಕಳ ಕಡೆಗೂ ಬರುತ್ತಿದ್ದರು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಬಹಳ ದಿನಗಳ ನಂತರ. ಮೊದಮೊದಲು ಅವರು ಮಶೀನಿನ ಬಗ್ಗೆ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಪಡಸಾಲೆಯ ಹೊಸ್ತಿಲ ಬಾಜೂ ಕೂತು ಕೆಲಸ ಮಾಡುವರು. ಚಹಾ ಕೊಟ್ಟರೆ, "ಕೆಲಸ ಮುಗೀಲಿ ಅಕ್ಕಾರ, ಎಣ್ಣಿ ಕೈ ಐತಿ" ಅನ್ನುವರು. ಚಹಾ ಆರಿ ತಣ್ಣಗಾಗುತ್ತಿತ್ತು. ತಣ್ಣಗಿನದನ್ನೇ ಕುಡಿದು ಹೋಗುವರು.

ಹೀಗೆ ಎರಡು ಮೂರು ವರ್ಷ ನಡೆಯಿತು. ಒಂದು ದಿನ ಗಮನಿಸಿದೆ, ಅವರು ನನ್ನನ್ನು 'ಅಕ್ಕಾರ' ಅನ್ನುವುದನ್ನು ಬಿಟ್ಟಿದ್ದರು. ಬೇರೆ ಏನೂ ಅನ್ನುತ್ತಿರಲಿಲ್ಲ. "ಸೂಜಿ ಬದಲಿ ಮಾಡೇನ್ರಿ" ಎಂದು ಮಶೀನಿಗೇ ಹೇಳಿದಂತೆ ಹೇಳಿ ಎದ್ದು ಹೋಗುತ್ತಿದ್ದರು. ನನಗೆ ತಿಳಿಯಿತು. ತಿಳಿದರೂ ತಿಳಿಯದಂತೆ ಇದ್ದೆ. ಆಗ ನನಗೆ ಮೂವತ್ತು ದಾಟಿ ಸ್ವಲ್ಪ ವರ್ಷವಾಗಿತ್ತು.

ಅವರು ನನ್ನನ್ನು ಕೇಳಲಿಲ್ಲ. ನೆಟ್ಟಗೆ ಬಾಗೇವಾಡಿಗೆ ಹೋಗಿ ನಮ್ಮ ಅಣ್ಣನನ್ನು ಕೇಳಿದರು. ಮುಂದಿನ ವಾರ ಅಣ್ಣ ಮೂಡಲಗಿಗೆ ಬಂದ. ಅತ್ತೆ ಅಡುಗೆಮನೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದರು. ನಡುವೆ ಬಾಗಿಲಿಲ್ಲ, ಬರೀ ಒಂದು ಪರದೆ.

"ತಂಗಿ, ಒಂದು ಮಾತು ಕೇಳಾಕ ಬಂದೇನಿ. ಸಿಟ್ಟಿಗೇಳಬ್ಯಾಡ" ಎಂದ ಅಣ್ಣ. "ಹುಕ್ಕೇರಿಯವರು ಬಂದಿದ್ರು. ಉಡಿಕಿ ಮಾಡಿಕೋತೇನಿ ಅಂತಾರ. ಮನಷ್ಯಾ ಛಲೋ ಅದಾನ. ಕುಡಿಯೂದಿಲ್ಲ, ಜಗಳಾಡೂದಿಲ್ಲ. ಮಗಳನ್ನೂ ಕರಕೊಂಡು ಬರ್ಲಿ ಅಂತಾನ."

"ಇಲ್ಲಿ ಅತ್ತಿ ಅದಾರಲ್ಲ ಅಣ್ಣಾ."

"ಅವರಿಗೂ ಒಂದು ವ್ಯವಸ್ಥಾ ಮಾಡೋಣ."

ಅವನ ದನಿಯಲ್ಲಿಯೇ ಗೊತ್ತಾಯಿತು, ಆ ವ್ಯವಸ್ಥೆ ಏನು ಎಂದು ಅವನಿಗೂ ಗೊತ್ತಿರಲಿಲ್ಲ.

"ಪೆನ್ಶನ್?" ಎಂದೆ.

"ಉಡಿಕಿ ಅಂದ್ರ ಏನು ಲಗ್ನಪತ್ರಿಕಾ ಹೊಡಸೂದೈತಿ? ಮಂದಿ ಕೂಡಸೂದೈತಿ? ಒಂದು ಸೀರಿ ಉಡಿಸಿದ್ರ ಮುಗೀತು. ಎಲ್ಲೂ ಬರಕೊಳ್ಳೂದಿಲ್ಲ. ಪೆನ್ಶನ್ ತನ್ನ ಪಾಡಿಗೆ ತಾ ಬರತಿರತೈತಿ."

ನಮ್ಮ ಕಡೆ ಗಂಡ ಸತ್ತವಳು ಇನ್ನೊಬ್ಬನ ಮನೆಗೆ ಹೋಗುವುದಕ್ಕೆ ಹಿಂದಿನಿಂದಲೂ ದಾರಿ ಇದೆ. ಅದು ಉಡಿಕಿ. ವಾದ್ಯ ಇಲ್ಲ, ಹಂದರ ಇಲ್ಲ. ಕತ್ತಲಾದ ಮೇಲೆ ನಾಲ್ಕು ಜನರ ಮುಂದೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾರೆ. ಮದುವೆಯೇ ಹೌದು, ಆದರೆ ಯಾರೂ ಅದನ್ನು ಮದುವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅಣ್ಣನ ಲೆಕ್ಕ ಅದರ ಮೇಲೆಯೇ ನಿಂತಿತ್ತು.

ಅವನು ಹೋದ ಮೇಲೆ ಅತ್ತೆ ಬಳ್ಳೊಳ್ಳಿಯ ಸಿಪ್ಪೆ ಹೊರಗೆ ಚೆಲ್ಲಿ ಬಂದರು. ಊಟಕ್ಕೆ ಕೂತಾಗ, "ನಿಮ್ಮ ಅಣ್ಣ ಉಣದs ಹೋದ" ಎಂದರು.

ಕಾಯ್ದೆ ಏನಿದೆಯೋ ಅದನ್ನು ನಾನೇ ಕೇಳಿಕೊಂಡು ಬರಬೇಕು ಎಂದು ಗೋಕಾಕದ ಖಜಾನೆ ಕಚೇರಿಗೆ ಹೋದೆ. ನನ್ನ ಪಿಂಚಣಿಯ ಕಾಗದ ನೋಡುತ್ತಿದ್ದ ಗುಮಾಸ್ತರು ನಡುವಯಸ್ಸು ದಾಟಿದವರು. ಜೋರು ಮಾತಿಲ್ಲ, ಗೇಲಿ ಇಲ್ಲ. ಮಧ್ಯಾಹ್ನದ ಊಟ ಮುಗಿಸಿ ಬರುವವರೆಗೆ ಕಾದು ಕೂತು ಕೇಳಿದೆ.

"ಯಾರ ಸಲುವಾಗಿ ಕೇಳಾಕತ್ತೀರಿ?" ಎಂದರು.

"ನನ್ನ ಸಲುವಾಗಿನೇ ರೀ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಡಿಕಿ ಆಗ್ಲಿ, ತಾಳಿ ಕಟ್ಟಿದ್ದಾಗ್ಲಿ, ರಜಿಸ್ಟರ್ ಆಗ್ಲಿ, ಇಲ್ಲಿ ಎಲ್ಲಾ ಒಂದೇ ರೀ. ಆದ ದಿನದಿಂದ ನಿಮ್ಮ ಪೆನ್ಶನ್ ನಿಂತತಿ. ಮಗಳು ಅದಾಳಲ್ಲ, ಆಕಿ ಹೆಸರಿಗೆ ಹೋಗತೈತಿ. ಆಕಿಗೆ ವಯಸ್ಸು ತುಂಬೂತನ, ಇಲ್ಲಾ ಲಗ್ನ ಆಗೂತನ. ಆಮ್ಯಾಲ ಮುಗೀತು."

"ನಮ್ಮ ಅತ್ತಿಗೆ?"

"ಹೆಂಡತಿ ಮಕ್ಕಳು ಇದ್ದಲ್ಲಿ ತಾಯಿ ಲೆಕ್ಕಕ್ಕ ಬರೂದಿಲ್ಲ."

"ಹೆತ್ತವರು ಅವರು."

"ಖರೆ. ಆದ್ರ ಕಾಯ್ದೇದಾಗ ಹಂಗ ಐತಿ."

"ಹೇಳದs ಇದ್ರ ಏನಾಕ್ಕೈತ್ರಿ?"

"ವರ್ಷಾ ಬಂದು ಆಗಿಲ್ಲ ಅಂತ ಬರದು ಕೊಡಬೇಕಲ್ಲ. ಒಬ್ಬಾಕಿ ಹಂಗ ಮಾಡಿದ್ಲು. ಆಗಲಾರದವರು ಯಾರೋ ಅರ್ಜಿ ಕೊಟ್ರು. ತಿಂದದ್ದೆಲ್ಲಾ ವಾಪಸ್ ಕಟ್ಟು ಅಂತ ಬಂತು. ಇನ್ನೂ ಕಟ್ಟಾಕತ್ತಾಳ." ಅವರು ಮತ್ತೆ ಕನ್ನಡಕ ಹಾಕಿಕೊಂಡರು. "ನಾ ನಿಮಗ ಮಾಡ್ರಿ ಅನ್ನೂದಿಲ್ಲ, ಬ್ಯಾಡ ಅನ್ನೂದಿಲ್ಲ. ಮಾಡಿದ್ರ ಬಂದು ಹೇಳ್ರಿ, ಅಷ್ಟು."

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಒಂದು ವಿಚಾರ ಬಂತು. ಕಾಮಣಿ ನನಗೆ ಆಗಿ ನಾನೇ ಹೋಗಿದ್ದರೆ ಏನಾಗುತ್ತಿತ್ತು? ವರ್ಷ ತುಂಬುವುದರೊಳಗೆ ನನ್ನ ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದರು. ನೋಡುವವರಲ್ಲಿ ಅತ್ತೆಯೇ ಮೊದಲಿಗರು. ಅವರ ಪಗಾರಕ್ಕೂ ಪಿಂಚಣಿಗೂ ಏನೂ ಆಗುತ್ತಿರಲಿಲ್ಲ. ಮುಂದೆ ಎಂದಾದರೂ ಅವರು ಸತ್ತರೆ, ನನ್ನ ಜಾಗದಲ್ಲಿ ಬಂದವಳಿಗೆ ಅದೇ ಪಿಂಚಣಿ ಸಿಗುತ್ತಿತ್ತು. ಗಂಡಸು ಎರಡನೆಯ ಸಲ ಮದುವೆಯಾದರೆ ಪಿಂಚಣಿ ಹೊಸ ಹೆಂಡತಿಯ ಕಡೆಗೆ ನಡೆಯುತ್ತದೆ. ಹೆಂಗಸು ಆದರೆ ನಿಲ್ಲುತ್ತದೆ. ಇದರಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಎಂದು ನನಗೆ ತಿಳಿಯಲಿಲ್ಲ. ಮೂಡಲಗಿ ಬಸ್ಸು ಬಂತು. ನಿಂತುಕೊಂಡೇ ಬಂದೆ.

ಮುಂದಿನ ಸಂತೆಯ ದಿನ ಹುಕ್ಕೇರಿಯವರು ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಪಟ್ಟಿ ಬಿಗಿ ಮಾಡುತ್ತ ಕೇಳಿಸಿಕೊಂಡರು.

"ನಾ ನಿಮಗ ಖರೆ ಹೇಳಬೇಕು" ಎಂದರು. "ಆ ಪೆನ್ಶನ್ ಇದ್ದಷ್ಟು ಭರೋಸಾ ನನ್ನ ಗಳಿಕಿಗೆ ಇಲ್ಲರಿ. ರೆಡಿಮೇಡ್ ಬಂದ ಮ್ಯಾಲ ಟೇಲರ್ ಅಂಗಡಿ ಮುಚ್ಚಾಕತ್ತಾವ. ಒಂದು ವಾರ ಐತಿ, ಒಂದು ವಾರ ಇಲ್ಲ."

"ಹಂಗಾರ ಏನು ಮಾಡೂದು?"

"ಅವಸರ ಇಲ್ಲ. ನಿಮಗ ಯಾವಾಗ ಹಗುರ ಅನಸತೈತಿ, ಅವಾಗ. ಅನಸಲಿಲ್ಲ ಅಂದ್ರೂ ಮಶೀನ್ ನೋಡಾಕಂತೂ ನಾ ಬರಾಂವನೇ."

ಹಗುರ ಅನ್ನಿಸುವ ದಿನ ಬರಲಿಲ್ಲ. ಕಾಯುವುದು ದೊಡ್ಡ ಕೆಲಸ ಎಂದು ಹೊರಗಿನವರಿಗೆ ಅನ್ನಿಸುವುದಿಲ್ಲ. ನಾನಂತೂ ದಣಿದೆ. ಬೆಳಿಗ್ಗೆ ನೀರು, ರೊಟ್ಟಿ, ಮಗಳ ಜಡೆ, ಅತ್ತೆಯ ಗುಳಿಗೆ. ಆಮೇಲೆ ಬೆನ್ನು ಬಗ್ಗಿಸಿ ಹೊಲಿಗೆ. ಸಂತೆಯ ದಿನ ಅವರು ಬಂದು ಹೋಗುವರು. ಅವರು ಬರುವ ಹೊತ್ತಿಗೆ ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂಡುವರು. ಮಶೀನು ಕೆಟ್ಟಿರದಿದ್ದರೆ ಅವರು ಒಳಗೆ ಬರುತ್ತಿರಲಿಲ್ಲ. ಹಾದಿಯಿಂದಲೇ "ಬರೋಬರಿ ನಡದೈತೇನ್ರಿ" ಎಂದು ಕೇಳಿ ಮುಂದೆ ಹೋಗುವರು. ನಡೆದಿದೆ ಅನ್ನುತ್ತಿದ್ದೆ. ಎಷ್ಟೋ ವಾರ ನಾವು ಆಡಿದ ಮಾತು ಅಷ್ಟೇ.

ಒಂದು ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ಎಲುಬು ಮುರಿದಿತ್ತು. ಅಂದು ಸಂತೆ. ಹುಕ್ಕೇರಿಯವರು ಓಣಿಯಲ್ಲಿಯೇ ಇದ್ದರು. ನಾನು ಕೂಗಿದ್ದನ್ನು ಕೇಳಿ ಒಳಗೆ ಬಂದು, ಚೀಲ ಅಲ್ಲೇ ಇಟ್ಟು, ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟರು. ಟೆಂಪೋದಲ್ಲಿ ಗೋಕಾಕದವರೆಗೂ ಅತ್ತೆಯ ತಲೆ ಅವರ ತೊಡೆಯ ಮೇಲಿತ್ತು. ರಸ್ತೆಯ ತಗ್ಗು ಬಂದಾಗಲೆಲ್ಲ ಅವರು "ಸ್ವಲ್ಪ ತಡಕೋರಿ ಆಯಿ, ಬಂತು" ಅನ್ನುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು ಅವರ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದರು. ದವಾಖಾನೆಯಲ್ಲಿ ಇದ್ದಷ್ಟು ದಿನ ಎರಡು ದಿನಕ್ಕೊಮ್ಮೆ ಬಂದು ನೋಡಿ ಹೋದರು. ಎದ್ದು ಓಡಾಡುವಂತಾದ ಮೇಲೂ ಅತ್ತೆ ಅವರ ಬಗ್ಗೆ ಒಂದು ಮಾತು ಆಡಲಿಲ್ಲ. ಆದರೆ ಸಂತೆಯ ದಿನ ಹೊತ್ತಾಗಿ ಅವರು ಕಾಣದಿದ್ದರೆ, "ಇನ್ನೂ ಬಂದಿಲ್ಲೇನು?" ಎಂದು ಕೇಳುತ್ತಿದ್ದರು.

ಅದರ ಮುಂದಿನ ವರ್ಷವೋ ಅದರ ಮುಂದಿನದೋ, ನಾನು ಮತ್ತೆ ಸಹಿಗೆ ಹೊರಟಾಗ ಅತ್ತೆಯೂ ಬಂದರು. ಕಣ್ಣು ತೋರಿಸಿ ಕನ್ನಡಕ ಮಾಡಿಸಬೇಕಿತ್ತು. ಸಹಿ ಮಾಡುತ್ತಿದ್ದ ಸಾಹೇಬರು ವರ್ಗವಾಗಿ ಹೊಸಬರು ಬಂದಿದ್ದರು. ಅವರ ಕೋಣೆಯಲ್ಲಿ ಐದಾರು ಜನ ಕೂತಿದ್ದರು; ಅವರಲ್ಲಿ ನಮ್ಮ ಮೂಡಲಗಿಯ ಒಬ್ಬನೂ ಇದ್ದ. ನಾನು ಕಾಗದ ಮುಂದಿಟ್ಟೆ. ಸಾಹೇಬರು ಪೆನ್ನು ತೆರೆದವರು, ನನ್ನ ಕೈ ನೋಡಿದರು. ಹಿಂದಿನ ದಿನ ಓಣಿಗೆ ಬಳೆಗಾರ ಬಂದಿದ್ದ. ಮಗಳು ತಾನು ಇಡಿಸಿಕೊಂಡ ಮೇಲೆ ಹಟ ಹಿಡಿದು ನನಗೂ ಎರಡು ಗಾಜಿನ ಬಳೆ ಇಡಿಸಿದ್ದಳು.

"ಬಳಿ ಹಾಕ್ಕೊಂಡೀರಲ್ಲ" ಎಂದರು. "ಖರೆ ಆಗಿಲ್ಲೇನ್ರಿ ಲಗ್ನ?"

ಮೂಡಲಗಿಯವನು ನಕ್ಕ. "ಸಂತಿ ದಿನಾ ಮಶೀನ್ ರಿಪೇರಿ ಇರತೈತ್ರಿ ಸಾಹೇಬ್ರ ಅವರ ಮನ್ಯಾಗ" ಎಂದ. ಉಳಿದವರೂ ನಕ್ಕರು. ಸಾಹೇಬರ ತುಟಿಯಲ್ಲಿಯೂ ನಗೆ ಇತ್ತು.

ನನಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬರಬೇಕಿತ್ತು. ಎರಡೂ ಆಗಲಿಲ್ಲ. ಎಲ್ಲಾದರೂ ಕೂತುಕೊಳ್ಳಬೇಕು ಅನ್ನಿಸಿತು, ಅಷ್ಟೇ.

ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ಅತ್ತೆ ಒಳಗೆ ಬಂದರು. "ಸಾಹೇಬ್ರ, ಈಕಿ ನನ್ನ ಸೊಸಿ" ಎಂದರು. "ಒಂದs ಮನ್ಯಾಗ ಇರ್ತೇನಿ ನಾ. ಆಗಿಲ್ಲ ಅಂತ ನಾ ಹೇಳ್ತೇನಿ. ಸಹಿ ಮಾಡ್ರಿ."

ಸಾಹೇಬರು ಸಹಿ ಮಾಡಿದರು. ಮೊಹರು ಒತ್ತಿದವನು ತಲೆ ಎತ್ತಲಿಲ್ಲ.

ಹೊರಗೆ ಬಂದು ಒಂದು ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕೂತೆವು. ಅತ್ತೆ ಬಹಳ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದರುತ್ತಿದ್ದರು. ಆಮೇಲೆ, ಯಾರದೋ ಸುದ್ದಿ ಹೇಳುವಂತೆ ಹೇಳಿದರು:

"ನಿನ್ನ ಗಂಡ ನಡಿಯಾಕ ಕಲತಿದ್ದ ಅಷ್ಟ. ಅವಾಗ ನನ್ನನ್ನೂ ಒಬ್ಬಾಂವ ಕೇಳಿದ್ದ. ನಾಗನೂರಾಂವ. ನಾಕು ಎಕರೆ ಹೊಲ ಇತ್ತು. ಮಗನ್ನ ಕರಕೊಂಡು ಬಾ ಅಂದ. ನಾ ಒಲ್ಲೆ ಅಂದೆ. ಮಗಗ ಮಂದಿ ಏನಂತಾರ ಅಂತ ಒಲ್ಲೆ ಅಂದೆ. ಮಗನ ಸಲುವಾಗಿ ಕುಂತೆ. ಅಂವನೂ ಹೋದ."

ನಾನು ಕೈಯಲ್ಲಿದ್ದ ಸಹಿಯ ಕಾಗದ ಮಡಚಿದೆ.

"ನೀ ಯಾರ ಸಲುವಾಗಿ ಕುಂತಿ?" ಎಂದು ಕೇಳಿದರು. "ನನ್ನ ಸಲುವಾಗಿ ಆದ್ರ ಬ್ಯಾಡ ಯವ್ವಾ. ನಾ ಎಷ್ಟ ದಿನಾ ಇರತೇನಿ?"

"ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ ಅತ್ತಿ?"

"ಬಿಟ್ಟು ಹೋಗು ಅಂತ ಯಾರಂದ್ರು? ನಾನೂ ಬರ್ತೇನಿ. ಆ ಮನಷ್ಯಾನ ನಾನs ಕೇಳ್ತೇನಿ. ಮುಂದಿನ ವರ್ಷ ಈ ಸಹಿಗೆ ನಾನಂತೂ ಬರೂದಿಲ್ಲ, ನೀನೂ ಬರಬ್ಯಾಡ."

ಅತ್ತೆ ಕೇಳಿಯೇ ಬಿಟ್ಟರು. ಮುಂದಿನ ಸಂತೆಯ ದಿನ ಹುಕ್ಕೇರಿಯವರನ್ನು ಒಳಗೆ ಕರೆದು, ಮಣೆ ಹಾಕಿ ಕೂಡಿಸಿ, "ಮೂರು ಮಂದಿ ಬರ್ತೇವಿ. ಸಾಕ್ತಿಯೇನಪಾ?" ಎಂದರು. ಅವರು ಹೆಗಲಿನ ಚೀಲ ಕೆಳಗಿಟ್ಟು, "ಮನಿ ಸಣ್ಣದೈತಿ ಆಯಿ. ಮಳಿಗೆ ಒಂದು ಬಾಜೂ ಸೋರತೈತಿ" ಎಂದರು. ಅದೇ ಅವರ ಒಪ್ಪಿಗೆ.

ಕತ್ತಲಲ್ಲಿ ಮಾಡುವುದು ಬೇಡ ಎಂದು ಅತ್ತೆ ಹಟ ಹಿಡಿದರು. ಕಳ್ಳತನ ಮಾಡುತ್ತಿದ್ದೇವೆಯೇ ಎಂಬುದು ಅವರ ಪ್ರಶ್ನೆ. ಹೀಗಾಗಿ ಬಾಗೇವಾಡಿಯ ಅಣ್ಣನ ಮನೆಯಲ್ಲಿ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬಂದ ಮೇಲೆ, ಉಡಿಕಿಯಾಯಿತು. ಸೀರೆ ಉಡಿಸಲು ಮುತ್ತೈದೆಯರು ಮುಂದೆ ಬರಲಿಲ್ಲ. ಅತ್ತೆಯೇ ಉಡಿಸಿದರು. ನಿರಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಹಿಡಿದರು. ಮಗ ತಂದ ಸೊಸೆಯನ್ನು ಇನ್ನೊಬ್ಬನಿಗೆ ಕೊಡುವಾಗ ಅವರಿಗೆ ಒಳಗೆ ಏನಾಗುತ್ತಿತ್ತೋ, ನಾನು ಮುಖ ನೋಡಲಿಲ್ಲ. ಅವರೂ ನೋಡಲಿಲ್ಲ.

ಮಗಳು ಆಗ ಪ್ರೈಮರಿ ಸಾಲಿ ಮುಗಿಸುವ ಹೊತ್ತು. ಅವಳು ಅಳಲಿಲ್ಲ. ಹುಕ್ಕೇರಿಗೆ ಹೋಗುವ ಟೆಂಪೋದಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಹಂಗಾರ ಇನ್ನ ಅಪ್ಪನ ಪೆನ್ಶನ್ ನಂದs ಏನವ್ವ?" ಎಂದು ಕೇಳಿದಳು. ಅಣ್ಣ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಹೌದು ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ವಾರದೊಳಗೆ ಖಜಾನೆಗೆ ಹೋಗಿ ಆಗಿದೆ ಎಂದು ಹೇಳಿದೆ. ಹಳೆಯ ಗುಮಾಸ್ತರು ಇನ್ನೂ ಇದ್ದರು. "ಯಾವತ್ತು?" ಎಂದು ಕೇಳಿ ದಿನಾಂಕ ಬರೆಸಿಕೊಂಡರು. ನನ್ನ ಹೆಸರಿನಿಂದ ಮಗಳ ಹೆಸರಿಗೆ ಪಿಂಚಣಿ ವರ್ಗವಾಗಲು ಬಹಳ ತಿಂಗಳು ಹಿಡಿಯಿತು. ಜನ್ಮದಾಖಲೆಯಲ್ಲಿ ಒಂದು ಹೆಸರು, ಸಾಲಿಯಲ್ಲಿ ಒಂದು. ಒಮ್ಮೆ ಸಾಹೇಬರು ರಜೆ, ಒಮ್ಮೆ ಕಾಗದ ಬೆಳಗಾವಿಗೆ ಹೋಗಿದೆ. ಹುಕ್ಕೇರಿಯಿಂದ ಗೋಕಾಕಕ್ಕೆ ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ನನ್ನ ಕಾಲು ಸೋತವು. ಆ ವರ್ಷ ಮನೆಯಲ್ಲಿ ನಾಲ್ಕು ಬಾಯಿ, ಒಬ್ಬರ ಗಳಿಕೆ. ಅವರು ಚಿಕ್ಕೋಡಿ, ನಿಪ್ಪಾಣಿಯವರೆಗೂ ಚೀಲ ಹೊತ್ತು ತಿರುಗಿದರು. ಒಂದು ದಿನವೂ, ನೀನು ಹೋಗಿ ಹೇಳದಿದ್ದರೆ ನಡೆಯುತ್ತಿತ್ತು ಅನ್ನಲಿಲ್ಲ.

ಮದುವೆಯಾದರೆ ಬದುಕು ಹಗುರವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ, ಆಗಲೂ ಇಲ್ಲ. ಹುಕ್ಕೇರಿಯಲ್ಲಿಯೂ ನೀರಿಗೆ ನಿಲ್ಲಬೇಕು, ರೊಟ್ಟಿ ಬಡಿಯಬೇಕು, ಬೆನ್ನು ಬಗ್ಗಿಸಬೇಕು. ಅತ್ತೆಗೂ ಅವರಿಗೂ ಉಪ್ಪು ಖಾರದ ಮೇಲೆ ಜಗಳ ಹತ್ತುತ್ತಿತ್ತು. ಅವರಿಗೆ ಖಾರ ಆಗದು, ಅತ್ತೆಗೆ ಖಾರವಿಲ್ಲದ್ದು ಒಳಗಿಳಿಯದು. "ಇದೇನು ಬ್ಯಾನಿ ಬಂದವರ ಊಟ" ಎಂದು ಅತ್ತೆ ತಾಟು ಸರಿಸುವರು. ಅವರು ಎದ್ದು ಹೋಗಿ ಹಸಿಮೆಣಸಿನಕಾಯಿ ತಂದು ಅತ್ತೆಯ ತಾಟಿನಲ್ಲಿಟ್ಟು ಮತ್ತೆ ಕೂಡುವರು. ಮಗಳು ಅವರನ್ನು ಮೊದಲಿನಿಂದಲೂ ಕಾಕಾ ಎಂದೇ ಕರೆದಳು. ಅವರು ಬೇರೆ ಏನನ್ನೂ ಬಯಸಲಿಲ್ಲ. ದಿನದ ಕಡೆಗೆ ಚಹಾ ಮಾಡಿದರೆ ಬಿಸಿಯಿರುವಾಗಲೇ ಕುಡಿಯಲು ಇನ್ನೊಬ್ಬರಿದ್ದರು. ನನಗೆ ಸಿಕ್ಕದ್ದು ಅಷ್ಟು, ಮತ್ತು ಅದು ಕಡಿಮೆಯದಲ್ಲ.

ಕೆಲವು ವರ್ಷಗಳ ನಂತರ ಅತ್ತೆ ತೀರಿಕೊಂಡರು. ಮಲಗಿದಲ್ಲಿಯೇ ಹೋದರು. ಅವರ ಆಸೆಯಂತೆ ಮೂಡಲಗಿಗೆ ಒಯ್ದೆವು. ಮಣ್ಣು ಕೊಡುವ ಹೊತ್ತಿಗೆ ನನ್ನ ಹಳೆಯ ಗಂಡನ ದಾಯಾದಿಗಳು ಮುಂದೆ ಬಂದರು. ವರ್ಷಗಟ್ಟಲೆ ಅತ್ತೆ ಹೇಗಿದ್ದಾರೆ ಎಂದು ಕೇಳದವರು. "ಇಂವ ಯಾರು? ಇಂವಗ ಏನು ಸಂಬಂಧ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ನನ್ನ ಈಗಿನ ಗಂಡ ಹಿಂದೆ ಸರಿದು, "ಅವರs ಮಾಡ್ಲಿ, ಇಲ್ಲಿ ಜಗಳ ಬ್ಯಾಡ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ದಾಯಾದಿಗಳು ಮೊದಲ ಮಣ್ಣು ಹಾಕಿದರು. ಎಲ್ಲರ ನಂತರ ಅವರು ಹಾಕಿದರು. ಜಗಳವಾಡಲು ನನ್ನಲ್ಲೂ ಶಕ್ತಿಯಿರಲಿಲ್ಲ. ಅವರಿಗೆ ಏನು ಸಂಬಂಧ ಎಂದು ಹೇಳಬೇಕಾದವರು ಕುಣಿಯೊಳಗಿದ್ದರು.

ಪಿಂಚಣಿಯ ಹಣದಲ್ಲಿ ಮಗಳು ಓದಿದಳು, ಶಿಕ್ಷಕರ ತರಬೇತಿ ಮುಗಿಸಿದಳು. ಅವಳಿಗೆ ಸರಕಾರಿ ಸಾಲಿಯಲ್ಲಿ ನೌಕರಿ ಸಿಕ್ಕಾಗ ನಾವು ಪೇಢೆ ಹಂಚಿದೆವು. ಅಣ್ಣ ಬಂದವನು, "ಹೊಸಾದಾಗಿ ಸೇರಿದವರಿಗೆ ಹಳೇ ನಮೂನಿ ಪೆನ್ಶನ್ ಇಲ್ಲಂತ. ಪಗಾರದಾಗ ಹಿಡಕೊಂಡು ಎಲ್ಲೋ ಇಡತಾರಂತ" ಎಂದ. ಮಗಳು, "ಅದೆಲ್ಲಾ ಮುಪ್ಪಿನ ಕಾಲಕ್ಕ ಮಾಮಾ" ಎಂದು ನಕ್ಕಳು. ಅವಳಿಗೆ ಆಗ ಮುಪ್ಪು ಅಂದರೆ ನಾನು, ಇಲ್ಲಾ ತೀರಿಹೋದ ಅವಳ ಅಜ್ಜಿ. ತಾನು ಅಲ್ಲ.

ಕಾಲುವೆಯ ದಂಡೆಯ ಮೇಲೆ ಸೈಕಲ್ ಹೊಡೆದ ಮನುಷ್ಯನಿಂದ ನಮ್ಮ ಮನೆಗೆ ಬರುತ್ತಿದ್ದ ಪಿಂಚಣಿ, ಮಗಳ ನೌಕರಿ, ಆಮೇಲೆ ಮದುವೆ ಎನ್ನುವಷ್ಟರಲ್ಲಿ ನಿಂತಿತು. ಅದು ನಿಲ್ಲುತ್ತದೆ ಎಂದು ಗೊತ್ತೇ ಇತ್ತು. ಆದರೂ ಆ ತಿಂಗಳ ಮೊದಲ ವಾರ ನನಗೆ ಏನೋ ಕಳೆದಂತಾಯಿತು. ಹಣಕ್ಕಾಗಿ ಅಲ್ಲ. ಅವರ ಹೆಸರು ತಿಂಗಳಿಗೊಮ್ಮೆ ಎಲ್ಲೋ ಒಂದು ಕಚೇರಿಯಲ್ಲಿ ಯಾರದೋ ಕಣ್ಣಿಗೆ ಬೀಳುತ್ತಿತ್ತು. ಇನ್ನು ಬೀಳುವುದಿಲ್ಲ. ಅದನ್ನು ಯಾರ ಮುಂದೆ ಹೇಳುವುದು? ಈಗಿನ ಗಂಡನ ಮುಂದೆ ಹಿಂದಿನ ಗಂಡನಿಗಾಗಿ ಅತ್ತರೆ ಅವರು ಬೇಡ ಅನ್ನುತ್ತಿರಲಿಲ್ಲ. ಆದರೂ ಅಳಲಿಲ್ಲ.

ಮಗಳ ಮದುವೆಯಾಗಿ, ನೆಂಟರೆಲ್ಲ ಹೋಗಿ, ಮನೆಯಲ್ಲಿ ಇಬ್ಬರೇ ಉಳಿದ ಒಂದು ಮಧ್ಯಾಹ್ನ. ಊಟ ಮಾಡಿ ಅವರು ಚಾಪೆಯ ಮೇಲೆ ಒರಗಿದ್ದರು. ನಾನು ಉಳಿದ ಅನ್ನ ತೆಗೆದಿಡುತ್ತಿದ್ದೆ.

"ನಾ ಹೋದ್ರ ನಿನಗ ಏನೂ ಬರೂದಿಲ್ಲ" ಎಂದರು.

"ಗೊತ್ತೈತಿ."

"ಮೊದಲಿನದs ಇಟಗೊಂಡು ಕುಂತಿದ್ರ ಸಾಯೂತನ ಬರತಿತ್ತು."

"ಅದೂ ಗೊತ್ತೈತಿ."

ಅವರು ಮೇಲಿನ ಹಂಚು ನೋಡಿದರು. "ಗೊತ್ತಿದ್ದೂ ಬಂದಿ. ಮತ್ತ?" ಎಂದರು.

ನನಗೆ ಬಹಳ ದಣಿವಾಗಿತ್ತು. "ಮತ್ತೇನಿಲ್ಲ, ಆ ಕಡೆ ಸ್ವಲ್ಪ ಸರೀರಿ" ಎಂದೆ. ಅವರು ಸರಿದರು. ಗೋಡೆಯ ಬಾಜೂ ನಾನೂ ಮಲಗಿಕೊಂಡೆ.